ಟೊಮೇಟೊ ಊರಿನಲ್ಲಿ ನನ್ನ ಒಂಬತ್ತು ಕಿಲೋ

2023ರ ಜುಲೈ ನೆನಪಿದೆ ಅಲ್ವಾ? ಟೊಮೇಟೊ ಬೆಲೆ ಮುಗಿಲು ಮುಟ್ಟಿದ ತಿಂಗಳು. ನಮ್ಮ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಊರೂರಿಗೆ ಟೊಮೇಟೊ ಕಳಿಸುವ ಊರಿನಲ್ಲಿ ಕೂತು ನಾವು ಹುಣಸೆಹುಳಿ ಕಿವುಚಿ ಸಾರು ಮಾಡಿಕೊಂಡೆವು. ಒಂದು ಸಂಜೆ ನನ್ನ ಹೆಂಡತಿ ಅರ್ಧ ಕಿಲೋ ತಂದು, ಎಣಿಸಿ ಫ್ರಿಜ್ಜಿನಲ್ಲಿಟ್ಟಳು. ಏಳು ಹಣ್ಣು. ಅವತ್ತು ಊಟಕ್ಕೆ ಕೂತಾಗ ಹೇಳಿಬಿಟ್ಟೆ: "ಈ ವರ್ಷ ನಾವೇ ಬೆಳೆಯೋಣ."

ಅವಳು ಏನೂ ಅನ್ನಲಿಲ್ಲ. ನನ್ನ ಮುಖ ನೋಡಿ ಇನ್ನೊಂದು ಸೌಟು ಸಾರು ಹಾಕಿದಳು.

ನನಗೆ ಒಳಗೊಳಗೇ ಜಂಬ ಇತ್ತು. ರೈತನ ಮಗ, ಮುಳಬಾಗಿಲು ಕಡೆಯ ಹಳ್ಳಿಯವನು, ಇದೇನು ಮಹಾ ವಿದ್ಯೆ ಅಂತ. ಅಪ್ಪ ಬೆಳೆದದ್ದು ರಾಗಿ ಮತ್ತು ಹಿಪ್ಪುನೇರಳೆ, ತರಕಾರಿ ಅಲ್ಲ ಅನ್ನೋದು ಆಗ ಹೊಳೆಯಲಿಲ್ಲ. ಹದಿನೇಳಕ್ಕೆ ಊರು ಬಿಟ್ಟವನು ನಾನು. ಆಮೇಲೆ ಮೂವತ್ತು ವರ್ಷ ಲೆಕ್ಕ ಬರೆದಿದ್ದೇನೆ. ಗುದ್ದಲಿ ಹಿಡಿದದ್ದು ಮನೆಯ ಗುದ್ದಲಿ ಪೂಜೆಯಲ್ಲಿ ಮಾತ್ರ.

ಜಾಗಕ್ಕೆ ತೊಂದರೆ ಇರಲಿಲ್ಲ. ಮನೆ ಪಕ್ಕದಲ್ಲೇ ತಮ್ಮನ 30–40 ಸೈಟು ಖಾಲಿ ಬಿದ್ದಿತ್ತು. ಪೂರ್ತಿ ಬಿಸಿಲು ಬೀಳುವ ಜಾಗ. ಆದರೆ ನಮ್ಮ ಮನೆ ಕಟ್ಟುವಾಗ ಉಳಿದ ಗಾರೆ, ಇಟ್ಟಿಗೆ ಚೂರು, ಜಲ್ಲಿ, ಒಡೆದ ಟೈಲ್ಸು ಎಲ್ಲವನ್ನೂ ಅಲ್ಲೇ ಸುರಿದಿದ್ದೆವು. ಅದನ್ನು ತೆಗೆಸಲು ಇಬ್ಬರು ಆಳು ಎರಡು ದಿನ ಬೇಕು ಅಂದರು. ಯಾಕೆ ಸುಮ್ನೆ ಖರ್ಚು ಅಂತ ಮೇಲೆಯೇ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ಹೊಡೆಸಿ ಹರಡಿಸಿಬಿಟ್ಟೆ. ಅರ್ಧ ಅಡಿ ಮಣ್ಣು ಬಿತ್ತು. ನೋಡೋಕೆ ಚೆನ್ನಾಗಿಯೇ ಇತ್ತು. ಫೋಟೋ ತೆಗೆದು ತಮ್ಮನಿಗೂ ಕಳಿಸಿದೆ.

ಗೊಬ್ಬರದ್ದು ಇನ್ನೊಂದು ಕಥೆ. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಎರಡು ಹಸು ಕಟ್ಟಿಕೊಂಡು ಹಾಲು ಹಾಕುತ್ತಾರೆ. ಅವರ ತಿಪ್ಪೆಯಿಂದಲೇ ಒಂದು ಗಾಡಿ ತರಿಸಿದೆ. "ಇದು ಹೋದ ತಿಂಗಳದ್ದಪ್ಪಾ, ಇನ್ನೂ ಕಳ್ತಿಲ್ಲ. ಆ ಮೂಲೆದು ತಗೋ" ಅಂದರು. ಮೂಲೆಯದ್ದು ಹಿಡಿಯಷ್ಟೇ ಇತ್ತು. ನನಗೆ ಜಾಸ್ತಿ ಬೇಕಿತ್ತು. ಹಸಿಯದ್ದನ್ನೇ ಹೇರಿಸಿಕೊಂಡು ಬಂದೆ.

ಬೀಜ ಹಾಕುವಾಗಲೂ ಅದೇ ಬುದ್ಧಿ. 10 ಗ್ರಾಂ ಟೊಮೇಟೊ ಪೊಟ್ಟಣ ತಂದೆ. ಒಂದು ಗ್ರಾಮಿಗೆ ಹೆಚ್ಚುಕಡಿಮೆ 300 ಬೀಜ ಇರುತ್ತವೆ ಅಂತ ಆಮೇಲೆ ಗೊತ್ತಾಯಿತು. ಅಂದರೆ ಮೂರು ಸಾವಿರ ಗಿಡದ ಬೀಜ. ಹುಟ್ಟಲ್ಲವೇನೋ ಅನ್ನೋ ಭಯಕ್ಕೆ ಅಷ್ಟನ್ನೂ ಒಂದೇ ಮಡಿಗೆ ಚೆಲ್ಲಿದೆ. ಐದಾರು ದಿನಕ್ಕೆ ಹಸಿರು ಕಂಬಳಿ ಹಾಸಿದ ಹಾಗೆ ಎದ್ದವು. ಎಂಟನೇ ದಿನಕ್ಕೆ ಬುಡದಲ್ಲಿ ಕೊಳೆತು, ಬೆಳಿಗ್ಗೆ ನೋಡಿದರೆ ಗುಂಪು ಗುಂಪಾಗಿ ಮಲಗಿದ್ದವು. ಒತ್ತೊತ್ತಾಗಿದ್ದರಿಂದ ಗಾಳಿ ಆಡಿರಲಿಲ್ಲ, ಹೊತ್ತು ಹೊತ್ತಿಗೂ ನೀರು ಚಿಮುಕಿಸಿದ್ದೆ. ಒಂದು ಸಸಿ ಕಿತ್ತರೆ ಉಳಿದವಕ್ಕೆ ಜಾಗ ಆಗುತ್ತೆ ಅನ್ನೋದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಹುಟ್ಟಿದ್ದನ್ನು ಕೀಳೋಕೆ ಮನಸ್ಸು ಬರಲ್ಲ.

ಕೊನೆಗೆ ನರ್ಸರಿಯಿಂದ ಟ್ರೇ ಸಸಿ ತಂದೆ. ನಮ್ಮ ಕಡೆ ಇದನ್ನು ನಾರು ಅಂತಾರೆ. ನಾರು ಬೆಳೆಸೋದನ್ನೇ ಕಸುಬು ಮಾಡಿಕೊಂಡವರು ಕೋಲಾರದ ಸುತ್ತ ಬೇಕಾದಷ್ಟು ಜನ ಇದ್ದಾರೆ. ನಲವತ್ತು ಸಸಿ ತಂದು ಭಾನುವಾರ ಮಧ್ಯಾಹ್ನ ಊಟ ಮಾಡಿಕೊಂಡು ನೆಟ್ಟೆ. ಸುಡುವ ಬಿಸಿಲು. ಸಂಜೆ ನಡಬೇಕು, ರಾತ್ರಿಯೆಲ್ಲ ಬೇರು ಸುಧಾರಿಸಿಕೊಳ್ಳಬೇಕು. ಹನ್ನೊಂದು ಗಿಡ ಅವತ್ತೇ ಹೋದವು. ಉಳಿದವು ಒಂದೊಂದೇ ಅಡಿ ದೂರದಲ್ಲಿ ನಿಂತಿದ್ದವು. ಎರಡಡಿ ಬಿಟ್ಟರೆ ಜಾಗ ದಂಡ ಅನ್ನಿಸಿತ್ತು.

ತಿಂಗಳು ಚೆನ್ನಾಗಿಯೇ ಕಳೆಯಿತು. ಗಿಡ ಮೊಣಕಾಲೆತ್ತರ ಬಂತು. ಆಫೀಸಿನಲ್ಲಿ ಎಲ್ಲರಿಗೂ ಫೋಟೋ ತೋರಿಸಿದೆ. ಒಬ್ಬರಿಗೆ ದಸರಾಕ್ಕೆ ಎರಡು ಕಿಲೋ ಕೊಡುತ್ತೀನಿ ಅಂತ ಮಾತೂ ಕೊಟ್ಟೆ.

ಆಮೇಲೆ ಎಲೆ ಹಳದಿಯಾಗತೊಡಗಿದವು. ಪೂರ್ತಿ ಹಳದಿ ಅಲ್ಲ, ನರ ಹಸಿರು, ನಡುವೆ ಹಳದಿ. ಅದೂ ಮೇಲಿನ ಚಿಗುರೆಲೆಯಲ್ಲೇ ಜಾಸ್ತಿ. ನಾನು ನೋಡಿದ್ದು ಹಳದಿಯನ್ನು ಮಾತ್ರ. ಯೂರಿಯಾ ಕಮ್ಮಿ ಅಂತ ತೀರ್ಮಾನ ಮಾಡಿ ಗಿಡಕ್ಕೊಂದು ಚಮಚ ಬುಡಕ್ಕೇ ಸುರಿದೆ. ನಾಲ್ಕು ಗಿಡ ಸುಟ್ಟವು. ಬದುಕಿದವು ದಪ್ಪ ದಪ್ಪ ಮೆತ್ತನೆ ಎಲೆ ಬಿಟ್ಟವು. ನನಗೆ ಖುಷಿ. ಬಿಳಿ ನೊಣಕ್ಕೂ ಖುಷಿ. ಹಾಗೆ ಮೆತ್ತಗೆ ಕೊಬ್ಬಿದ ಎಲೆ ಅಂದರೆ ರಸ ಹೀರುವ ಹುಳುಗಳಿಗೆ ಹಬ್ಬ.

ಆ ನೊಣ ಎಷ್ಟು ಸಣ್ಣದು ಅಂದರೆ ಗಿಡ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಕಾಣುತ್ತೆ. ಕೂರೋದು ಎಲೆಯ ಅಡಿಯಲ್ಲಿ. ನಾನು ಒಂದು ದಿನವೂ ಎಲೆ ತಿರುವಿ ನೋಡಿರಲಿಲ್ಲ. ಎರಡು ವಾರಕ್ಕೆ ಚಿಗುರು ಮುದುರಿಕೊಂಡವು. ದೋಣಿ ಹಾಗೆ ಮೇಲಕ್ಕೆ ಮಡಿಚಿ, ಗಿಡ ಅಲ್ಲಿಗೇ ಕುಳ್ಳಾಗಿ ನಿಂತಿತು. ಔಷಧಿ ಅಂಗಡಿಗೆ ಹೋಗಿ ಒಂದು ಎಲೆ ತೋರಿಸಿದೆ. ಅಂಗಡಿಯವರು ಎಲೆ ನೋಡಿದರೋ ನನ್ನ ಮುಖ ನೋಡಿದರೋ, ಮೂರು ಬಾಟಲಿ ಕೊಟ್ಟರು. ಅದರಲ್ಲಿ ಎರಡು ಬೂಷ್ಟಿನ ರೋಗಕ್ಕೆ ಹೊಡೆಯುವಂಥವು. ಎಲೆ ಮುದುರು ರೋಗ ನಂಜಿನಿಂದ ಬರುವುದು, ಅಂದರೆ ವೈರಸ್. ಬಿಳಿ ನೊಣ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುತ್ತದೆ. ಒಮ್ಮೆ ಒಳಗೆ ಸೇರಿದ ಮೇಲೆ ಯಾವ ಔಷಧಿಗೂ ಹೋಗಲ್ಲ. ಮಾಡಬೇಕಾದದ್ದು ಒಂದೇ: ಮೊದಲ ಗಿಡ ಮುದುರಿದ ದಿನವೇ ಕಿತ್ತು ದೂರ ಒಯ್ದು ಸುಡುವುದು. ನನಗೆ ಅಯ್ಯೋ ಪಾಪ ಅನ್ನಿಸಿತು. ನೀರು ಹಾಕಿ ಸಾಕಿದೆ. ರೋಗದ ಗಿಡಕ್ಕೆ ಉಪಚಾರ ಮಾಡಿ ಪಕ್ಕದ ಹದಿನೈದು ಗಿಡಕ್ಕೆ ಹಂಚಿದೆ.

ಹಾಲು ಕೊಡಲು ಬಂದ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು. ನಾನು ಬಾಟಲಿ ಹಿಡಿದು ನಿಂತಿದ್ದೆ. "ನಿನ್ನೆಯವರೆಗೂ ಚೆನ್ನಾಗಿತ್ತು ಅಜ್ಜೀ, ಇವತ್ತು ನೋಡಿ ಹಿಂಗಾಗಿದೆ" ಅಂದೆ.

"ಇವತ್ತು ಎಲ್ಲಪ್ಪಾ ಬಂತು? ನೀನು ಯಾವತ್ತೋ ಕರೆದಿದ್ದೆ, ಅದು ಇವತ್ತು ಬಂದು ಕೂತೈತೆ" ಅಂದು ಕ್ಯಾನು ಎತ್ತಿಕೊಂಡು ಹೋದರು.

ಆ ಮಾತು ಚುಚ್ಚಿತು. ಲೆಕ್ಕದವನಿಗೆ ಅರ್ಥವಾಗುವ ಮಾತು ಅದು. ಮಾರ್ಚಿನಲ್ಲಿ ಸಿಕ್ಕಿಬೀಳುವ ತಪ್ಪು ಡಿಸೆಂಬರಿನಲ್ಲಿ ಬರೆದದ್ದಾಗಿರುತ್ತದೆ. ಅವತ್ತೇ ಒಂದು ಹಳೇ ನೋಟ್‌ಬುಕ್ ತೆಗೆದು ನೆನಪಿದ್ದಷ್ಟನ್ನು ತಾರೀಖಿನ ಪ್ರಕಾರ ಬರೆದೆ. ಮಣ್ಣು ಹೊಡೆಸಿದ್ದು, ಗೊಬ್ಬರ, ಯೂರಿಯಾ, ನೀರು. ಅಲ್ಲಿಯವರೆಗೆ ರೋಗ ಕಂಡ ದಿನವೇ ಕಾರಣ ಹುಡುಕಿ, ಅವತ್ತೇ ಏನೋ ಕೊಂಡು ತಂದು ಸುರಿಯುತ್ತಿದ್ದೆ. ಸುರಿದದ್ದು ಮುಂದಿನ ತಿಂಗಳ ರೋಗವಾಗುತ್ತಿತ್ತು.

ಹಾಗೂ ಹೀಗೂ ಎಂಟು ಗಿಡ ಕಾಯಿ ಕಟ್ಟಿದವು. ಮೊದಲ ಕಾಯಿಗಳ ತಳ ಕಪ್ಪಗೆ ಚರ್ಮದ ಹಾಗೆ ಕುಳಿ ಬಿದ್ದಿತು. ಹುಳು ಇಲ್ಲ, ವಾಸನೆ ಇಲ್ಲ. ಇದು ರೋಗವೇ ಅಲ್ಲ, ನೀರಿನ ಲೆಕ್ಕ ತಪ್ಪಿದ್ದು. ನಮ್ಮ ಬಡಾವಣೆಗೆ ನೀರು ಬರುವ ದಿನ ಹೊಂಡ ಆಗುವಷ್ಟು ಬಿಡುತ್ತಿದ್ದೆ, ಆಮೇಲೆ ನಾಲ್ಕು ದಿನ ಒಣಗಿಸುತ್ತಿದ್ದೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಾಯಿಗೆ ಹೋಗುವುದು ನೀರಿನ ಜೊತೆ. ನೀರು ಒಂದೇ ಸಮ ಸಿಗದಿದ್ದರೆ ಕಾಯಿಯ ತುದಿಗೆ ಅದು ಮುಟ್ಟುವುದೇ ಇಲ್ಲ. ಮಣ್ಣಲ್ಲಿ ಎಷ್ಟು ಸುಣ್ಣ ಇದ್ದರೂ ಅಷ್ಟೆ. ನನ್ನ ನೆಲದಲ್ಲಂತೂ ಮನೆ ಕಟ್ಟಿದ ಸಿಮೆಂಟೇ ಇತ್ತಲ್ಲ!

ನೀರು ಹಾಕುವ ರೀತಿಯೂ ತಪ್ಪು. ಸಂಜೆ ಪೈಪು ಹಿಡಿದು ಮೇಲಿಂದ ಮಳೆ ಸುರಿಸೋದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಆಫೀಸಿನ ಸುಸ್ತೆಲ್ಲ ಇಳಿಯುತ್ತಿತ್ತು. ಎಲೆ ರಾತ್ರಿಯೆಲ್ಲ ಒದ್ದೆ. ಕೆಳಗಿನ ಎಲೆಗಳಲ್ಲಿ ಉಂಗುರ ಉಂಗುರವಾಗಿ ಕಂದು ಮಚ್ಚೆ ಬಿದ್ದು ಅಂಗಮಾರಿ ಮೇಲಕ್ಕೆ ಹತ್ತಿತು. ಬೇವಿನೆಣ್ಣೆ ಒಳ್ಳೆಯದು ಅಂದರು. ಸೋಪು ಕಲಸದೆ ಬರೀ ನೀರಿಗೆ ಹಾಕಿ ಅಲ್ಲಾಡಿಸಿ ಬಟ್ಟಬಿಸಿಲಲ್ಲಿ ಹೊಡೆದೆ. ಎಣ್ಣೆ ತೇಲಿಕೊಂಡು ಬಂದು ಎಲೆಗೆ ಅಂಟಿ, ಒಗ್ಗರಣೆ ಸಿಡಿದ ಹಾಗೆ ಸುಟ್ಟಿತು.

ಅಷ್ಟು ಹೊತ್ತಿಗೆ ಮಂಡಿಯಲ್ಲಿ ಟೊಮೇಟೊ ಬೆಲೆ ನೆಲ ಕಚ್ಚಿತ್ತು. ಎಲ್ಲ ಮುಗಿದ ಮೇಲೆ ಹೆಂಡತಿ ನನ್ನ ನೋಟ್‌ಬುಕ್ಕನ್ನೇ ತೆಗೆದುಕೊಂಡು ಲೆಕ್ಕ ಹಾಕಿದಳು. ಖರ್ಚು 11,640. ಸಿಕ್ಕ ಟೊಮೇಟೊ 9 ಕಿಲೋ. "ರೀ, ಕಿಲೋಗೆ 1,293 ರೂಪಾಯಿ ಬಿತ್ತು. ಸೊಪ್ಪು, ಮೂಲಂಗಿ ಬಿಟ್ಟಿ ಅಂದ್ಕೊಳ್ಳಿ" ಅಂದಳು.

ಮೂಲಂಗಿಯ ವಿಷಯ ಅವಳು ಎತ್ತಬಾರದಿತ್ತು. ಒತ್ತಾಗಿ ಹುಟ್ಟಿದ ಮೂಲಂಗಿಯನ್ನು ಕಿತ್ತು ಎಸೆಯುವ ಬದಲು, ಟೊಮೇಟೊ ಹಾಗೆ ಬೇರೆ ಕಡೆ ನೆಟ್ಟಿದ್ದೆ. ಗಡ್ಡೆ ಆಗುವ ಬೇರೇ ಕಿತ್ತಾಗ ಮುರಿದಿತ್ತು. ಬಂದದ್ದು ಮೂರು ಕಾಲಿನ, ಐದು ಬೆರಳಿನ ಮೂಲಂಗಿ. ಮೊಮ್ಮಕ್ಕಳಿಗೆ ಆಟಕ್ಕೆ ಆಯಿತು. ಮೆಂತ್ಯ ಸೊಪ್ಪು ಚೆನ್ನಾಗಿ ಬಂತು, ಆದರೆ ಪೂರ್ತಿ ಒಂದೇ ದಿನ ಬಿತ್ತಿದ್ದರಿಂದ ಪೂರ್ತಿ ಒಂದೇ ವಾರ ಬಂತು. ಬೀದಿಗೆಲ್ಲ ಹಂಚಿ, ನಾವು ಐದು ದಿನ ಮೆಂತ್ಯದ ಬಾತು ತಿಂದು, ಆಮೇಲೆ ಎರಡು ತಿಂಗಳು ಸೊಪ್ಪಿನ ಗಾಡಿ ಕಾದೆವು.

2024ರ ಫೆಬ್ರವರಿಯಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ಬಳ್ಳಿ. ಅವರೆ ಹಾಕಿದೆ. ಕೋಲಾರದಲ್ಲಿ ಅವರೆ ಬರದೆ ಇರುತ್ತಾ? ಬಂತು. ಕಾಂಪೌಂಡ್ ಹತ್ತಿತು, ಚಪ್ಪರ ಹತ್ತಿತು, ಪಕ್ಕದವರ ಬಟ್ಟೆ ಒಣಗಿಸುವ ತಂತಿ ಹಿಡಿಯಿತು. ಏಪ್ರಿಲ್, ಮೇ, ಜೂನ್, ಒಂದು ಹೂ ಇಲ್ಲ. ಗೊಬ್ಬರ ಹಾಕಿದೆ, ಬಳ್ಳಿ ಇನ್ನಷ್ಟು ಹಬ್ಬಿತು. ಅಜ್ಜಿ ಒಂದು ದಿನ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಶಿವರಾತ್ರಿಗೆ ಯಾರಪ್ಪಾ ಅವರೆ ಹಾಕ್ತಾರೆ? ಅದು ಚಳಿ ಕಾಣೋವರ್ಗೂ ಹೂ ಬಿಡಲ್ಲ."

ನಾಟಿ ಅವರೆ ಹಗಲು ಗಿಡ್ಡ ಆಗುವುದನ್ನು ಕಾಯುತ್ತದೆ. ಅದಕ್ಕೇ ಮುಂಗಾರಿನಲ್ಲಿ ರಾಗಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಬೀಳುವುದು, ಧನುರ್ಮಾಸದ ಹೊತ್ತಿಗೆ ಸೊಗಡು ಕಟ್ಟುವುದು. ಎಲ್ಲ ಕಾಲಕ್ಕೂ ಬರುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಮಾಡಿದ್ದಾರೆ. ನಾನು ಹಾಕಿದ್ದು ಅದಲ್ಲ, ಅಡುಗೆಮನೆ ಡಬ್ಬಿಯಲ್ಲಿದ್ದ ನಾಟಿ ಕಾಳು. ಅಪ್ಪ ಪ್ರತಿವರ್ಷ ರಾಗಿ ಸಾಲಿನಲ್ಲಿ ಅವರೆ ಇಡುವುದನ್ನು ಹದಿನೇಳು ವರ್ಷ ನೋಡಿದವನು ನಾನು. ಯಾವ ತಿಂಗಳು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಸೋರೆ ಬಳ್ಳಿಯಲ್ಲಿ ಹೂವಿಗೆ ಬರ ಇರಲಿಲ್ಲ. ಹೀಚು ಬೆರಳುದ್ದ ಆಗಿ, ಹಳದಿಯಾಗಿ ಉದುರುತ್ತಿತ್ತು. ಹುಳು ಅಂದುಕೊಂಡು ಔಷಧಿ ಹೊಡೆದೆ. ಉದುರುವುದು ಜಾಸ್ತಿ ಆಯಿತು. ಆಗ ನೋಟ್‌ಬುಕ್ ನೋಡಿದೆ. ಔಷಧಿಗೆ ಮುಂಚೆಯೂ ಉದುರುತ್ತಿತ್ತು, ಆಮೇಲೂ ಉದುರಿತು. ಹಾಗಾದರೆ ಏನು? ಒಂದು ಸಂಜೆ ಕುರ್ಚಿ ಹಾಕಿಕೊಂಡು ಬಳ್ಳಿ ಮುಂದೆ ಕೂತೆ. ಏನೂ ಮಾಡದೆ ಸುಮ್ಮನೆ ನೋಡಿದ್ದು ಅದೇ ಮೊದಲು. ಸೋರೆ ಹೂ ಅರಳುವುದು ಸಂಜೆ. ಗಂಡು ಹೂವಿಗೆ ಉದ್ದ ತೊಟ್ಟು, ಹೆಣ್ಣು ಹೂವಿನ ಹಿಂದೆ ಪುಟ್ಟ ಸೋರೆಕಾಯಿ. ಒಂದು ಪತಂಗ ಬರಲಿಲ್ಲ. ಬರುವಂಥವನ್ನೆಲ್ಲ ನಾನೇ ಔಷಧಿ ಹೊಡೆದು ಓಡಿಸಿದ್ದೆ. ಒಂದು ಗಂಡು ಹೂ ಕಿತ್ತು, ದಳ ಬಿಡಿಸಿ, ನಾಲ್ಕು ಹೆಣ್ಣು ಹೂವಿಗೆ ಮೆಲ್ಲಗೆ ಸವರಿದೆ. ವಾರದಲ್ಲಿ ಮೂರು ಹೀಚು ನಿಂತವು. ಹೀರೆಗೂ ಹಾಗೇ, ಸಂಜೆಯ ಹೂ. ಕುಂಬಳಕ್ಕಾದರೆ ಬೆಳಗಿನ ಜಾವವೇ ಏಳಬೇಕು. ಇಡೀ ತೋಟದಲ್ಲಿ ನಾನು ದುಡ್ಡಿಲ್ಲದೆ ಸರಿಮಾಡಿದ ಮೊದಲ ತಪ್ಪು ಅದು.

ಬದನೆ, ಮೆಣಸಿನಕಾಯಿಯನ್ನು ಟೊಮೇಟೊ ಇದ್ದ ಜಾಗದಲ್ಲೇ ಹಾಕಿದ್ದೆ. ಬಿಸಿಲಾದರೆ ಬಾಡುತ್ತಿದ್ದವು, ನೀರು ಹಾಕಿದರೂ ಏಳುತ್ತಿರಲಿಲ್ಲ. ಕೆಲವನ್ನು ಕಿತ್ತರೆ ಬೇರೇ ಇಲ್ಲ, ಬುಡದಲ್ಲಿ ಕೊಕ್ಕೆ ಹಾಗೆ ಬಾಗಿದ ದಪ್ಪ ಬಿಳಿ ಗೊಣ್ಣೆ ಹುಳು. ಹಸಿ ಗೊಬ್ಬರದ ಕೊಡುಗೆ. ಇನ್ನು ಕೆಲವಕ್ಕೆ ಬೇರೆಲ್ಲ ಗಂಟು ಗಂಟು, ರುದ್ರಾಕ್ಷಿ ಪೋಣಿಸಿದ ಹಾಗೆ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜಂತು ಮಾಡುವ ಕೆಲಸ. ಟೊಮೇಟೊ, ಬದನೆ, ಮೆಣಸಿನಕಾಯಿ ಮೂರೂ ಒಂದೇ ಕುಲದವು. ಒಂದರ ಹಿಂದೆ ಇನ್ನೊಂದು ಹಾಕಿ ಆ ಜಂತುವಿಗೆ ನಾನು ವರ್ಷವಿಡೀ ಊಟ ಬಡಿಸಿದ್ದೆ.

ಇಷ್ಟಾದ ಮೇಲೆ ಮಣ್ಣು ಪರೀಕ್ಷೆಗೆ ಒಯ್ದೆ, ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ. ಮೊದಲ ದಿನ ಮಾಡಬೇಕಾದದ್ದು. ಆರೇಳು ಕಡೆ ಅರ್ಧ ಅಡಿ ಆಳಕ್ಕೆ ಅಗೆದು, ಮಣ್ಣು ಬೆರೆಸಿ, ಅರ್ಧ ಕಿಲೋ ತಂದು ಕೊಡಬೇಕು. ಮೇಲಿನ ಮಣ್ಣು ಕೆರೆದುಕೊಂಡು ಹೋದರೆ ಆಗಲ್ಲ. ಅಗೆಯುವಾಗಲೇ ಅರ್ಧ ಉತ್ತರ ಸಿಕ್ಕಿತು. ಪ್ರತಿ ಗುಂಡಿಯಲ್ಲೂ ಗುದ್ದಲಿಗೆ ಠಣ್ ಅಂತ ಗಾರೆ. ರಸಸಾರ, ಅಂದರೆ ಪಿಎಚ್, 8.4. ಅಷ್ಟು ಸುಣ್ಣದ ನೆಲದಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗಲ್ಲ. ಚಿಗುರು ಹಳದಿ, ನರ ಹಸಿರು ಅಂದರೆ ಅದೇ. ನಾನು ಯೂರಿಯಾ ಸುರಿದ ಹಳದಿ.

ಆಗ ಆಳು ಕರೆಸಿದೆ. ಎರಡು ದಿನದ ಕೆಲಸ ಈಗ ನಾಲ್ಕು ದಿನ ಆಯಿತು, ಕೂಲಿಯೂ ಏರಿತ್ತು. ಒಂದೂವರೆ ಅಡಿ ಅಗೆದು ಗಾರೆಯೆಲ್ಲ ಹೊರಗೆ ಹಾಕಿ, ಕೆಮ್ಮಣ್ಣಿಗೆ ಕೆರೆ ಗೋಡು ಮತ್ತು ಅಜ್ಜಿಯ ಹಳೇ ತಿಪ್ಪೆ ಗೊಬ್ಬರ ಬೆರೆಸಿದೆ. ಈ ಸಲ ಆ ಮೂಲೆಯದ್ದೇ. ಕೈಗೆತ್ತಿದರೆ ಸಗಣಿ ವಾಸನೆ ಇಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ. ಇಡೀ ಸೈಟು ಬಿಟ್ಟು ಕಾಲು ಭಾಗ ಮಾತ್ರ ಮಾಡಿದೆ. ಜಂತು ಇದ್ದ ಮಡಿಗೆ ಚೆಂಡುಹೂ ಹಾಕಿದೆ. ಅದರ ಬೇರು ಆ ಜಂತುವಿಗೆ ಆಗಿಬರಲ್ಲ. ಹೂವು ದೀಪಾವಳಿಗೆ ಬಾಗಿಲಿಗೂ ಆಯಿತು. ಟೊಮೇಟೊಗೆ ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಂದೆ. ಎಲೆ ಮುದುರು, ಅಂಗಮಾರಿ, ಸೊರಗು ಮೂರನ್ನೂ ತಡೆದುಕೊಳ್ಳುವ ತಳಿ. ಹನ್ನೆರಡೇ ಗಿಡ, ಎರಡೆರಡು ಅಡಿಗೆ. ಬುಡಕ್ಕೆ ರಾಗಿ ಹುಲ್ಲು ಹೊದಿಸಿದೆ. ನೀರು ಹಾಕುವ ಮುಂಚೆ ಹುಲ್ಲು ಸರಿಸಿ ಬೆರಳು ಚುಚ್ಚಿ ನೋಡುತ್ತೇನೆ. ಒದ್ದೆ ಇದ್ದರೆ ಪೈಪು ಮುಟ್ಟಲ್ಲ.

ಕಳೆದ ಹಂಗಾಮಿನಲ್ಲಿ ಹನ್ನೆರಡು ಗಿಡಕ್ಕೆ 31 ಕಿಲೋ ಆಯಿತು. ತೋಟ ಮಾಡುವವರ ಮುಂದೆ ಇದು ಏನೂ ಅಲ್ಲ. ಮಾತು ಕೊಟ್ಟಿದ್ದ ಆಫೀಸಿನವರಿಗೆ ಎರಡು ಕಿಲೋ ಒಯ್ದು ಕೊಟ್ಟೆ. ಅವರಿಗೆ ಮರೆತೇ ಹೋಗಿತ್ತು.

ಹೋದ ವಾರ ಮತ್ತೆ ಮೂರು ಕಾಯಿಗೆ ತಳ ಕಪ್ಪಾಗಿತ್ತು. ಬೈಕಿನ ಕೀ ತೆಗೆದುಕೊಂಡು ಅಂಗಡಿಗೆ ಹೊರಟವನು, ನಿಂತು ನೋಟ್‌ಬುಕ್ ಹಿಂದಕ್ಕೆ ತಿರುವಿದೆ. ಮೂರು ವಾರದ ಕೆಳಗೆ ನನ್ನದೇ ಅಕ್ಷರ: "ಅಕ್ಕನ ಮಗಳ ಮದುವೆ. ಐದು ದಿನ ಊರಲ್ಲಿ. ನೀರಿಲ್ಲ." ಕೀ ಮೊಳೆಗೆ ನೇತುಹಾಕಿದೆ. ಹೆಂಡತಿ ಕಪ್ಪಾದ ಕಡೆ ಕತ್ತರಿಸಿ, ಉಳಿದದ್ದನ್ನು ಸಾರಿಗೆ ಹಾಕಿದಳು.